ನಿಮಗಿದು ಗೊತ್ತೆ? ಸಾಲುಮರಕ್ಕೂ ಗಾಳಿಗೂ ಏನು ನಂಟು?

ಬೆಂಗಳೂರಿನ ರಸ್ತೆಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಮರವಿಲ್ಲದ ರಸ್ತೆಗಿಂತ ಮರವಿರುವ ರಸ್ತೆಯಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ ಕಡಿಮೆ, ಡಾಂಬರಿನ ಬಿಸಿ 27.5 ಡಿಗ್ರಿವರೆಗೆ ಕಡಿಮೆ. ಗಂಧಕದ ಡೈಆಕ್ಸೈಡ್ ಕೂಡ ಗಣನೀಯವಾಗಿ ತಗ್ಗಿತ್ತು. ದೂಳು ಎಲೆಯ ಮೇಲೆ ಕೂರುತ್ತದೆ, ಮಳೆ ಬಂದಾಗ ತೊಳೆದುಹೋಗಿ ಮಣ್ಣು ಸೇರುತ್ತದೆ. ಎಲೆ ಒರಟಾಗಿದ್ದಷ್ಟೂ, ರೋಮ ಹೆಚ್ಚಿದ್ದಷ್ಟೂ ಹಿಡಿಯುವ ದೂಳು ಜಾಸ್ತಿ.

ಹಾಗೆಂದು ಮರವೇ ಸರ್ವರೋಗಕ್ಕೂ ಮದ್ದಲ್ಲ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಾದ ಬೀದಿಯಲ್ಲಿ ದಟ್ಟ ಕೊಂಬೆಗಳು ವಾಹನದ ಹೊಗೆ ಮೇಲೇರದಂತೆ ತಡೆಯುವುದೂ ಉಂಟು. ಹೊಗೆ ಕಡಿಮೆಯಾಗಬೇಕಾದ್ದು ಮೊದಲು ಸೈಲೆನ್ಸರ್ ಪೈಪಿನಲ್ಲೇ!

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಪಿಎಂ 2.5 ಎಂಬ ಸೂಕ್ಷ್ಮ ಕಣಕ್ಕೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬರೀ 5.

ಇನ್ನು ಕೊಡಲಿಯ ವಿಚಾರ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಅದರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಮನೆಯಂಗಳದಲ್ಲಿದ್ದರೂ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಯಾರು ಬೇಕಾದರೂ ಬರೆಯಬಹುದು.