ಶರತ್ಕಾಲದ ಬೆಟ್ಟವೂ ಅದರ ಇಳಿಜಾರೂ

ದಸರಾ ರಜೆ ಬಂದಿತೆಂದರೆ ಜಯನಗರ, ಬನಶಂಕರಿಗಳ ನಮ್ಮ ಉಪಾಧ್ಯಾಯ ಮಿತ್ರರಿಗೆಲ್ಲ ಬೆಟ್ಟದ ಹಂಬಲ ಹತ್ತುತ್ತದೆ. ರಾತ್ರಿಯೆಲ್ಲ ಸುರಿದ ಮಳೆ ಬೆಳಗಿನ ಜಾವಕ್ಕೆ ನಿಂತು, ಗಾಳಿಯ ಧೂಳೆಲ್ಲ ತೊಳೆದುಹೋದ ದಿನ ಯಾವುದಾದರೊಂದು ಎತ್ತರದ ಮಹಡಿಯನ್ನೇರಿ ಪಡುವಣ ದಿಕ್ಕಿಗೆ ನೋಡಿರಿ. ಮನೆಗಳ ಸಾಲಿನಾಚೆ ಮಾಗಡಿ ಸೀಮೆಯ ಬೆಟ್ಟಗಳು ನೀಲಿಯ ಗೆರೆಯಂತೆ ಕಾಣುತ್ತವೆ. ಅವುಗಳಲ್ಲಿ ಹೆಸರಾದದ್ದು ಸಾವನದುರ್ಗ. ನಕ್ಷೆಯ ಮೇಲೆ ಬನಶಂಕರಿಯಿಂದ ಗೆರೆ ಎಳೆದರೆ ಮೂವತ್ತು ಕಿಲೋಮೀಟರೂ ಆಗದು. ರಸ್ತೆಯಲ್ಲಿ ಸುತ್ತಿ ಹೋದರೆ ಐವತ್ತನ್ನು ಮೀರುತ್ತದೆ. ಎತ್ತರ ಸಮುದ್ರಮಟ್ಟದಿಂದ 1,226 ಮೀಟರು, ಎಂದರೆ ನಾಲ್ಕು ಸಾವಿರ ಅಡಿಗೆ ತುಸು ಮೇಲೆ. ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ಮುಂದೆ ಇದು ಚಿಕ್ಕದೇ ಸರಿ. ಆದರೆ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬೇಕೆನ್ನುವ ಗೃಹಸ್ಥರಿಗೆ ಇದಕ್ಕಿಂತ ಒಳ್ಳೆಯ ಬೆಟ್ಟ ಸಿಕ್ಕುವುದು ಕಷ್ಟ. ಇದಕ್ಕಿಂತ ಸುಲಭವಾಗಿ ದಾರಿ ತಪ್ಪಿಸುವ ಬೆಟ್ಟವೂ ಸಿಕ್ಕುವುದು ಕಷ್ಟ. ಆ ಎರಡನೆಯ ಮಾತನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲು ಋತುವಿನ ವಿಚಾರ. ನಾನು ಪಂಡಿತ ಪರೀಕ್ಷೆಗೆ ಓದಿದವನು. ಆಶ್ವಯುಜ, ಕಾರ್ತಿಕಗಳೆಂದರೆ ಶರದೃತು. ಮೋಡ ಬೆಳ್ಳಗಾಗುತ್ತದೆ, ಹೊಳೆ ತಿಳಿಯಾಗುತ್ತದೆ, ದಾರಿಯ ಕೆಸರು ಆರುತ್ತದೆ, ಅರಸರು ದಂಡಯಾತ್ರೆಗೆ ಹೊರಡುತ್ತಾರೆ. ಕಾವ್ಯಗಳ ಶರದ್ವರ್ಣನೆ ಹೀಗೆ. ಇದನ್ನೇ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಉತ್ತರ ದೇಶಕ್ಕೆ ಈ ವರ್ಣನೆ ಒಪ್ಪುತ್ತದೆ. ನಮ್ಮ ಬೆಂಗಳೂರಿನಲ್ಲಾದರೋ, ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್! ರೈತರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಉತ್ತರೆ, ಹಸ್ತ ಕಳೆದು, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ ಮಳೆ, 24ರ ಸುಮಾರಿಗೆ ಸ್ವಾತಿ ಮಳೆ ಹುಟ್ಟುತ್ತದೆಂದು ಅವರ ಲೆಕ್ಕ.

ಕಾರಣವಿಷ್ಟೆ. ನೈರುತ್ಯ ಮಾರುತ ಹಿಂದೆಗೆಯುವ ಕಾಲದಲ್ಲಿ ಗಾಳಿಯಲ್ಲಿ ತೇವ ಇನ್ನೂ ಉಳಿದಿರುತ್ತದೆ. ಬೆಳಗಿನ ಬಿಸಿಲಿಗೆ ನೆಲ ಕಾದು ಆ ತೇವದ ಗಾಳಿ ಮೇಲಕ್ಕೇರುತ್ತದೆ. ಮಧ್ಯಾಹ್ನದ ಮೇಲೆ ಗುಡುಗಿನ ಮೋಡವಾಗಿ ನಿಲ್ಲುತ್ತದೆ. ಆದ್ದರಿಂದ ಇಲ್ಲಿನ ಶರತ್ಕಾಲದ ದಿನ ಎರಡು ಹೋಳು: ಹನ್ನೆರಡು ಗಂಟೆಯವರೆಗೆ ಕವಿಗಳದು, ಆಮೇಲೆ ರೈತರದು. ಬೆಟ್ಟ ಹತ್ತುವವರು ಈ ಗಡಿಯನ್ನು ಮರೆಯಬಾರದು.

ನಾವು ಮರೆತೆವು. ಕೆಲವು ವರ್ಷಗಳ ಹಿಂದೆ ಅಕ್ಟೋಬರಿನ ಕೊನೆಯ ವಾರ ಐದು ಜನ ಹೊರಟೆವು. ಇಡ್ಲಿ ಕಾಫಿಗಳ ಉಪಚಾರದಲ್ಲಿಯೇ ಹೊತ್ತೇರಿ, ಬೆಟ್ಟದ ಬುಡ ಸೇರಿದಾಗ ಹತ್ತೂವರೆ. ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ ಇವೆ. ವೀರಭದ್ರನಿಗೆ ಸಾವಂದಿ ವೀರಭದ್ರನೆಂದೇ ಹೆಸರು. ದುರ್ಗದ ಹೆಸರನ್ನು 'ಸಾವು' ಎಂಬುದಕ್ಕೆ ಗಂಟುಹಾಕುವವರು ಇದನ್ನು ಗಮನಿಸಬೇಕು. ಕೈಮುಗಿದು ಬಿಳಿಗುಡ್ಡವನ್ನು ಹತ್ತತೊಡಗಿದೆವು. ಪಕ್ಕದ್ದು ಕರಿಗುಡ್ಡ. ಹಾಳುಬಿದ್ದ ಕೋಟೆಗೋಡೆಗಳನ್ನು ದಾಟಿ, ಬಂಡೆಯ ಮೇಲೆ ಬರೆದ ಬಾಣದ ಗುರುತುಗಳನ್ನು ಹಿಡಿದು, ತುದಿಯ ನಂದಿಮಂಟಪ ಸೇರಿದಾಗ ಒಂದೂವರೆ. ಪುಳಿಯೋಗರೆಯ ಗಂಟು ಬಿಚ್ಚಿದೆವು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಈ ದುರ್ಗವನ್ನು ಟಿಪ್ಪುವಿನ ಕಡೆಯವರಿಂದ ಹೇಗೆ ಕಿತ್ತುಕೊಂಡಿತೆಂದು ಚರಿತ್ರೆಯ ಮೇಷ್ಟ್ರು ಹೇಳುತ್ತಿರುವಾಗಲೇ ಮೋಡ ಕವಿಯಿತು. (ಡಿಸೆಂಬರನ್ನು ಆರಿಸಿಕೊಂಡವರು ಋತುವನ್ನು ನಮಗಿಂತ ಚೆನ್ನಾಗಿ ಅರಿತಿದ್ದರೆಂದು ಈಗ ತೋರುತ್ತದೆ.)

ಕಿರಿಯರಿಬ್ಬರೂ ಡ್ರಾಯಿಂಗ್ ಮೇಷ್ಟ್ರೂ "ಕೆಳಗೆ ಕಾದಿರುತ್ತೇವೆ" ಎಂದು ಮುಂದೆ ಇಳಿದರು. ಚರಿತ್ರೆಯ ಮೇಷ್ಟ್ರಿಗೆ ಮಂಡಿನೋವು. ಅವರೊಡನೆ ನಾನು ಹಿಂದುಳಿದೆ. ಐದೇ ನಿಮಿಷದಲ್ಲಿ ಮುಂದಿನವರು ಕಣ್ಮರೆಯಾದರು. ಇನ್ನು ಹತ್ತು ನಿಮಿಷದಲ್ಲಿ ಬಾಣಗಳೂ ಇಲ್ಲ. ಆಮೇಲೆ ಮಳೆ.

ಇಲ್ಲಿ ಬೆಟ್ಟದ ಆಕಾರವನ್ನು ಸ್ವಲ್ಪ ವಿವರಿಸಬೇಕು. ಸಾವನದುರ್ಗ, ರಾಮನಗರಗಳ ಬೆಟ್ಟಗಳೆಲ್ಲ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಒಂದೇ ಶಿಲೆಯ ಸಾಲು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಲಾಲ್‌ಬಾಗಿನ ಬಂಡೆ ಇದಕ್ಕೂ ಹಿರಿಯದು, ಸುಮಾರು 300 ಕೋಟಿ. ಈ ಗ್ರಾನೈಟು ನೆಲದ ಆಳದಲ್ಲಿ ಭಾರದ ಕೆಳಗೆ ಗಟ್ಟಿಯಾದದ್ದು. ಮೇಲಿನ ಹೊರೆ ಯುಗಯುಗಗಳಲ್ಲಿ ಸವೆದುಹೋದಂತೆ ಒತ್ತಡ ಸಡಿಲಿ, ಬಂಡೆ ಈರುಳ್ಳಿಯ ಸಿಪ್ಪೆಯ ಹಾಗೆ ಪದರಪದರವಾಗಿ ಬಿಡುತ್ತದೆ. ಹೀಗೆ ಪದರ ಕಳಚಿ ಉಳಿದದ್ದು ಬೋರಲು ಹಾಕಿದ ಬೋಗುಣಿಯ ಆಕಾರ: ನೆತ್ತಿಯಲ್ಲಿ ಚಪ್ಪಟೆ, ಕೆಳಗೆ ಹೋದಷ್ಟೂ ಕಡಿದು.

ಬೋಗುಣಿಯ ಮೇಲೆ ಒಂದು ಇರುವೆಯನ್ನು ಬಿಟ್ಟು ನೋಡಿರಿ. ಹತ್ತುವಾಗ ಎತ್ತ ಹತ್ತಿದರೂ ಅದು ಸೇರುವುದು ಒಂದೇ ತುದಿಗೆ. ಇಳಿಯುವಾಗ ತುದಿ ಎಂಬುದಿಲ್ಲ; ದಿಕ್ಕಿಗೊಂದು ಬುಡ. ನೆತ್ತಿಯಿಂದ ಐವತ್ತು ಹೆಜ್ಜೆಯಲ್ಲಿ ಹತ್ತು ಹೆಜ್ಜೆ ಓರೆಯಾದರೆ ಸಾವಿರ ಹೆಜ್ಜೆಯಲ್ಲಿ ಇನ್ನೂರು ಹೆಜ್ಜೆ ಓರೆಯಾಗಿರುತ್ತೇವೆ. ಮೇಲಾಗಿ ಬಂಡೆ ಮುಂದೆ ಬಾಗಿಕೊಂಡು ಹೋಗುವುದರಿಂದ ಕಾಲಡಿಯ ಇಪ್ಪತ್ತು ಮಾರಿನಾಚೆ ಏನಿದೆಯೆಂಬುದೇ ಕಾಣದು. ಮೆಲ್ಲನೆ ಇಳಿಜಾರೋ, ನೇರ ಪ್ರಪಾತವೋ ಹೋಗಿ ನೋಡಿದ ಮೇಲೆಯೇ ತಿಳಿಯಬೇಕು. ಕೂಗಿದರೆ ದನಿಯೂ ಆ ಬಾಗನ್ನು ದಾಟಿ ಹೋಗದು. ನಮ್ಮ ಗೆಳೆಯರು ಇನ್ನೂರು ಹೆಜ್ಜೆಯಾಚೆಯೇ ಇದ್ದರಂತೆ. ನಮ್ಮ ಕೂಗು ಅವರಿಗೆ ಕೇಳಿಸಲೇ ಇಲ್ಲ.

ಕನ್ನಡದಲ್ಲಿ 'ಇಳಿಜಾರು' ಎಂಬ ಪದವುಂಟು, 'ಏರುಜಾರು' ಎಂಬ ಪದವಿಲ್ಲ. ತರಗತಿಯಲ್ಲಿ ಎಷ್ಟೋ ಸಲ ಈ ಸಮಾಸವನ್ನು ಬಿಡಿಸಿದ್ದೆ. ಅದರ ಉತ್ತರಪದದ ಅರ್ಥ ಆ ದಿನ ಆಯಿತು. ಬಂಡೆಯ ಮೇಲೆ ಉದ್ದುದ್ದಕ್ಕೆ ಕಪ್ಪು ಪಟ್ಟೆಗಳನ್ನು ನೀವು ಕಂಡಿರಬಹುದು. ಅವು ಮಳೆನೀರು ಹರಿಯುವ ಜಾಡುಗಳು. ಅಲ್ಲಿ ಸೂಕ್ಷ್ಮವಾದ ಪಾಚಿಯ ಜಾತಿಯ ಜೀವಿಗಳು ಅಂಟಿಕೊಂಡು ಕಪ್ಪಾಗಿರುತ್ತವೆ. ಒಣಗಿದಾಗ ಉಪ್ಪುಕಾಗದದಂತೆ ಹಿಡಿತ ಕೊಡುವ ಜಾಗ ನೆನೆದೊಡನೆ ಎಣ್ಣೆ ಸವರಿದಂತಾಗುತ್ತದೆ. ಬೆಳಿಗ್ಗೆ ಹತ್ತಿದ ದಾರಿಯೇ ಮಧ್ಯಾಹ್ನ ಬೇರೆ ದಾರಿ.

ಚರಿತ್ರೆಯ ಮೇಷ್ಟ್ರ ಕಾಲು ಎರಡು ಸಲ ಜಾರಿತು. ಒಂದು ಬಿರುಕಿನಲ್ಲಿ ಕುಳಿತು ಅವರು, "ಪಂಡಿತರೇ, ನೀವು ಇಳಿದು ಯಾರನ್ನಾದರೂ ಕರೆತನ್ನಿ, ನಾನು ಇಲ್ಲೇ ಇರುತ್ತೇನೆ" ಎಂದರು. ನಾನು ಎದ್ದೂ ಬಿಟ್ಟಿದ್ದೆ. ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಅವರ ತಲೆ ಮಾತ್ರ ಕಾಣುತ್ತಿತ್ತು. ಇನ್ನು ನಾಲ್ಕು ಇಟ್ಟರೆ ಅದೂ ಕಾಣದು, ತಿರುಗಿ ಬಂದು ಅವರನ್ನು ಹುಡುಕುವುದು ಹೇಗೆ? ಹಿಂದಿರುಗಿ ಅವರ ಪಕ್ಕದಲ್ಲಿ ಕುಳಿತೆ. ಮಳೆ ನಿಂತ ಮೇಲೆ, ಕೆಳಕ್ಕಲ್ಲ, ಮೇಲಕ್ಕೆ ಹತ್ತಿದೆವು. ಕೊನೆಯದಾಗಿ ಕಂಡ ಬಾಣ ಸಿಕ್ಕುವವರೆಗೆ. ಮಂಡಿನೋವಿನವರನ್ನು ತಿರುಗಿ ಹತ್ತಿಸುವುದು ಕ್ರೂರವೆನಿಸಿತು, ಆದರೆ ದಾರಿ ಸಿಕ್ಕಿದ್ದು ಅದರಿಂದಲೇ. ಅಲ್ಲಿಂದ ಬಾಣದಿಂದ ಬಾಣಕ್ಕೆ, ಕಡಿದಾದಲ್ಲಿ ಕುಳಿತು ಜರುಗುತ್ತ ಇಳಿದು ಬುಡ ಸೇರಿದಾಗ ಕತ್ತಲೆ. ಆ ದಿನಗಳಲ್ಲಿ ಸೂರ್ಯ ಆರಕ್ಕೆ ಮುನ್ನವೇ ಮುಳುಗುತ್ತಾನೆ. ನಮ್ಮ ಸೀಮೆಯಲ್ಲಿ ಸಂಜೆಬೆಳಕು ಅರ್ಧ ಗಂಟೆಯೂ ನಿಲ್ಲದು. ಮುಂದೆ ಹೋದವರು ಗುಡಿಯ ಬಳಿ ಅಳುಮೋರೆಯಲ್ಲಿ ನಿಂತಿದ್ದರು. ಬೈಯಬೇಕೆಂದುಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ.

ಈಗ ನಮ್ಮ ಮಂಡಲಿಯ ಕಟ್ಟುಪಾಡು ಹೀಗಿದೆ. ಏಳಕ್ಕೆ ಮುಂಚೆ ಬುಡದಲ್ಲಿರಬೇಕು. ಹನ್ನೊಂದಕ್ಕೆ ಎಲ್ಲಿದ್ದರೆ ಅಲ್ಲಿಂದಲೇ ತಿರುಗಬೇಕು, ತುದಿ ಕಣ್ಣೆದುರಿಗಿದ್ದರೂ ಸರಿಯೆ. ಎಲ್ಲರಿಗಿಂತ ನಿಧಾನಿಯಾದವರು ಇಳಿಯುವಾಗ ಮೊದಲಿಗರು; ಅವರನ್ನು ಯಾರೂ ದಾಟುವಂತಿಲ್ಲ. ಹತ್ತುವಾಗ ಆಗಾಗ ಹಿಂದಿರುಗಿ ನೋಡಿ, ಇಳಿಯುವಾಗ ದಾರಿ ಹೇಗೆ ಕಾಣುವುದೆಂದು ಗುರುತಿಟ್ಟುಕೊಳ್ಳಬೇಕು. ಗುಡುಗು ಕೇಳಿದರೆ ತುದಿ, ಒಂಟಿಮರ, ತೆರೆದ ಮಂಟಪ ಮೂರನ್ನೂ ಬಿಡಬೇಕು. ಸಿಡಿಲಿಗೆ ಮಂಟಪ ಆಶ್ರಯವಲ್ಲ. ತಗ್ಗಿಗೆ ಇಳಿಯಲಾಗದಿದ್ದರೆ ಒಬ್ಬರಿಂದೊಬ್ಬರು ದೂರ ಸರಿದು, ಪಾದಗಳನ್ನು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು. ಬಂಡೆಯ ಮರೆಯಲ್ಲಿ ಹೆಜ್ಜೇನಿರಬಹುದು, ಹೊಗೆ, ಅತ್ತರು, ಗದ್ದಲ ಕೂಡದು. ಇನ್ನು ಅರಣ್ಯ ಇಲಾಖೆಯ ಅನುಮತಿಯ ನಿಯಮಗಳನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿರಿ, ಬಾಗಿಲಿಗೆ ಹೋಗಿ ವಾದಿಸಬೇಡಿರಿ.

ಶರತ್ಕಾಲದಲ್ಲಿ ಬೆಟ್ಟವೇ ಬೇಡವೆಂದು ನಾನು ಹೇಳುತ್ತಿಲ್ಲ. ಚಿಕ್ಕಮಗಳೂರಿನ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ಜನ ಸಾವಿರಗಟ್ಟಲೆಯಾಗಿ ಹತ್ತುವುದೇ ದೀಪಾವಳಿಯಲ್ಲಿ. 2024ರಲ್ಲಿ ಮಳೆಯಿಂದ ಆ ದಾರಿ ಜಾರಿ ಕೆಲವರಿಗೆ ಪೆಟ್ಟಾಯಿತು. ಆದರೂ ಮರುವರ್ಷ ಜನ ಹತ್ತದೆ ಬಿಡಲಿಲ್ಲ. ಮಳೆ ತೊಳೆದ ಬಂಡೆ, ದೊಣೆಗಳಲ್ಲಿ ನಿಂತ ತಿಳಿನೀರು, ಕೆಳಗೆ ಮಂಚನಬೆಲೆಯ ಕೆರೆಯ ಬೆಳ್ಳಿ, ಇವನ್ನು ಬೇಸಗೆಯಲ್ಲಿ ಹೋಗಿ ನೋಡುವುದಾದರೂ ಹೇಗೆ?

ಈ ಸಲ ಸ್ವಾತಿ ಕಳೆದ ಮೇಲೆ ಹೊರಡುವುದೆಂದು ನಿಶ್ಚಯವಾಗಿದೆ. ಚರಿತ್ರೆಯ ಮೇಷ್ಟ್ರೂ ಬರುತ್ತಾರೆ, ಕೋಲು ಹಿಡಿದು, ಇಳಿಯುವಾಗ ಎಲ್ಲರಿಗಿಂತ ಮುಂದೆ. ಡ್ರಾಯಿಂಗ್ ಮೇಷ್ಟ್ರು ದಾರಿಯುದ್ದಕ್ಕೂ ಗುರುತು ಹಾಕಲು ಶಾಲೆಯಿಂದ ಒಂದು ಪೆಟ್ಟಿಗೆ ಸೀಮೆಸುಣ್ಣ ತಂದಿಟ್ಟಿದ್ದಾರೆ. ಮಳೆ ಬಂದರೆ ಅದು ಅಳಿಸಿಹೋಗುವುದಿಲ್ಲವೆ ಎಂದು ಕೇಳಿದೆ. ಅವರಿನ್ನೂ ಉತ್ತರ ಹೇಳಿಲ್ಲ.