ಬೇಲಿಯಿಲ್ಲದ ಲ್ಯಾಕ್ಸ್‌ಟನ್

ನವೆಂಬರ್ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಹಳ್ಳಿ ಲ್ಯಾಕ್ಸ್‌ಟನ್ನಿನ ಹೊಲದಲ್ಲಿ ಗೋಧಿ ಆಗಷ್ಟೇ ಹಸಿರು ಮೂಡಿಸಿರುತ್ತದೆ. ಗಂಬೂಟು ತೊಟ್ಟ ರೈತರ ಗುಂಪೊಂದು ಜೇಡಿಮಣ್ಣು ತುಳಿಯುತ್ತ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಗಡಿ ಮಸುಕಾದ ಕಡೆ ಮರದ ಗೂಟವಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಯಾರಾದರೂ ನೇಗಿಲನ್ನು ಒಂದಿಷ್ಟು ಆಚೆ ಹಾಯಿಸಿ ದಾರಿಯನ್ನೋ ಹುಲ್ಲುಪಟ್ಟಿಯನ್ನೋ ಒತ್ತಿದ್ದರೆ, ಅದು ಇವರ ಕಣ್ಣು ತಪ್ಪುವುದಿಲ್ಲ. ಇವರೇ ಊರಿನ ಜ್ಯೂರಿ. ವಾರದ ನಂತರ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಸಭೆ ಸೇರುತ್ತದೆ. ತಪ್ಪಿತಸ್ಥರಿಗೆ ದಂಡ ಬೀಳುತ್ತದೆ, ಮುಂದಿನ ವರ್ಷದ ಜ್ಯೂರಿಯ ನೇಮಕವೂ ಆಗುತ್ತದೆ. ಪಬ್ಬಿನಲ್ಲಿ ಕೂರುವ ಈ ಕೋರ್ಟಿಗೆ ಕಾನೂನಿನ ಮಾನ್ಯತೆ ಇದೆ.

ನಾಟಿಂಗ್‌ಹ್ಯಾಮ್‌ಶೈರಿನ ಈ ಪುಟ್ಟ ಹಳ್ಳಿಯಲ್ಲಿ ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂಬ ಮೂರು ದೊಡ್ಡ ಹೊಲಗಳಿವೆ. ಒಬ್ಬೊಬ್ಬ ರೈತನ ಜಮೀನೂ ಮೂರರಲ್ಲೂ ಪಟ್ಟಿಪಟ್ಟಿಯಾಗಿ ಹಂಚಿಹೋಗಿದೆ. ಒಂದು ವರ್ಷ ಚಳಿಗಾಲದ ಗೋಧಿ, ಮರುವರ್ಷ ವಸಂತದ ಬೆಳೆ, ಮೂರನೆಯ ವರ್ಷ ಬೀಳು ಎಂಬುದು ಇಲ್ಲಿನ ಹಳೆಯ ಸರದಿ. ಮಧ್ಯಯುಗದಲ್ಲಿ ಇಂಗ್ಲೆಂಡಿನ ಬಯಲುಸೀಮೆಯ ಎಷ್ಟೋ ಊರುಗಳು ಬದುಕಿದ್ದು ಹೀಗೆಯೇ. 18, 19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳ ಬಲದಿಂದ ಊರೊಟ್ಟಿನ ಹೊಲಗಳಿಗೆ ಬೇಲಿ ಬಿತ್ತು. ತುಂಡು ನೆಲದ ಬಡವರು ದನ ಮೇಯಿಸುವ ಹಕ್ಕನ್ನೂ ಕಳೆದುಕೊಂಡು ಕೂಲಿಗಿಳಿದರು. ಆ ನಷ್ಟದ ಆಳ ತಿಳಿಯಬೇಕಾದರೆ ಬೇಲಿ ಬೀಳದೆ ಉಳಿದ ಇಂಥ ಊರನ್ನು ನೋಡಬೇಕು.

1635ರಲ್ಲಿ ಮಾರ್ಕ್ ಪಿಯರ್ಸ್ ಈ ಊರಿನ ನಕ್ಷೆ ಬರೆದ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಅದರಲ್ಲಿ ಪಟ್ಟಿಗಳ ನಡುವೆ ಉಳುವವರೂ ಕೊಯ್ಯುವವರೂ ಪುಟ್ಟ ಚಿತ್ರಗಳಾಗಿ ನಿಂತಿದ್ದಾರೆ. ಜಮೀನ್ದಾರರ ಲೆಕ್ಕಕ್ಕೆಂದು ಬರೆದ ನಕ್ಷೆಯಲ್ಲಿ ದುಡಿಯುವವರಿಗೂ ಜಾಗ ಸಿಕ್ಕಿದ್ದು ನನಗೆ ಬಹಳ ಹಿಡಿಸಿತು.

1952ರಲ್ಲಿ ಸರ್ಕಾರದ ಕೃಷಿ ಸಚಿವಾಲಯ ಇಲ್ಲಿನ ಜಮೀನನ್ನು ಕೊಂಡಿತು. 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಖಾಸಗಿಯವರ ಥೋರ್ಸ್‌ಬಿ ಎಸ್ಟೇಟಿಗೆ. ಇಂದು ಟ್ರ್ಯಾಕ್ಟರ್ ಓಡುತ್ತದೆ, ಪಟ್ಟಿಗಳು ಹಿಂದಿಗಿಂತ ಅಗಲವಾಗಿವೆ. ಆದರೆ ತಗ್ಗಿನ ಜವುಗು ನೆಲವನ್ನು ಈಗಲೂ ಉಳುವುದಿಲ್ಲ; ಅಲ್ಲಿ ಕಾಡುಹೂಗಳು ಬೆರೆತ ಹುಲ್ಲು ಆಳೆತ್ತರಕ್ಕಲ್ಲದಿದ್ದರೂ ಮೊಣಕಾಲಿಗೆ ಬರುತ್ತದೆ, ಅದನ್ನು ಕೊಯ್ಯುವ ಹಕ್ಕು ವರ್ಷಕ್ಕೊಮ್ಮೆ ಊರಲ್ಲೇ ಹರಾಜಾಗುತ್ತದೆ.