ಹಾಯಿ ಬಿಚ್ಚದ ನಾಡಿನ ದುಂಡು ದೋಣಿ

2022ರ ಸೆಪ್ಟೆಂಬರ್ ಆರಂಭದಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನಡುವೆ 89 ವರ್ಷ ಕಳೆದಿದ್ದವು. ಕೆಳಗಿನ ಚಳ್ಳಕೆರೆ ಸೀಮೆಯಲ್ಲಿ ವೇದಾವತಿ ದಂಡೆ ಮೀರಿ ಹರಿದಳು. ಹೊಳೆ ಎಂದರೆ ಮರಳು ಎಂದುಕೊಂಡೇ ಬೆಳೆದವರು ಅದರಲ್ಲಿ ಹರಿಯುವ ನೀರನ್ನು ನೋಡಲು ಊರೂರುಗಳಿಂದ ಹೋದರು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಿಗೆ ಸೇರಿದವು. ಇಲ್ಲಿ ಹಾಯಿದೋಣಿಯ ಕ್ಲಬ್ ಹುಡುಕಿದರೆ ಸಿಗುವುದಿಲ್ಲ. ಹಾಯಿಗೆ ವರ್ಷವಿಡೀ ನಿಲ್ಲುವ ಆಳದ ನೀರು ಬೇಕು. ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಬಂಡೆ ಮರಳು ತೋರಿಸುವ ಬಯಲುಸೀಮೆಯ ಹೊಳೆಗಳಿಗೆ ಬೇರೆಯೇ ದೋಣಿ ಬೇಕಿತ್ತು. ಅದೇ ಹರಿಗೋಲು. ಕೆಲವು ಕಡೆ ಅದನ್ನು ತೆಪ್ಪ ಎನ್ನುತ್ತಾರೆ, ತೆಲುಗು ಗಡಿಯಲ್ಲಿ ಪುಟ್ಟಿ.

ನೋಡಲು ಅದೊಂದು ದೊಡ್ಡ ಬಿದಿರ ಬುಟ್ಟಿ. ಬಲಿತ ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಅಡ್ಡಡ್ಡ ಉದ್ದುದ್ದ ಹಾಸಿ ಮೊದಲು ತಳ ಹೆಣೆಯುತ್ತಾರೆ. ತಳ ಬಿಗಿಯಾದ ಮೇಲೆ ಭಾರ ಹೇರಿ, ದಬ್ಬೆಗಳ ತುದಿಯನ್ನು ಸುತ್ತಲೂ ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ. ಬಾಯಿಯ ಸುತ್ತ ದಬ್ಬೆಗಳ ಕಟ್ಟು ಹಾಕಿ ಬಲವಾದ ಅಂಚು ಬಿಗಿಯುತ್ತಾರೆ. ಹಿಂದೆ ಹೊರಮೈಗೆ ಹದ ಮಾಡಿದ ಚರ್ಮ ಹೊಲಿಯುತ್ತಿದ್ದರು. ಈಗ ಆ ಜಾಗದಲ್ಲಿ ಪ್ಲಾಸ್ಟಿಕ್ ಚೀಲದ ಹಾಳೆ ಇದೆ, ಮೇಲೆ ಡಾಂಬರಿನ ಲೇಪ. ಮೊಳೆಯಿಲ್ಲ, ಹಲಗೆಯಿಲ್ಲ. ಒಬ್ಬಿಬ್ಬರು ಕೂರುವ ಮೀನುಗಾರನ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಬೋರಲು ಹಾಕಿಕೊಂಡು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನಡೆದುಬಿಡಬಲ್ಲ.

ತಳ ಚಪ್ಪಟೆಯಾದ್ದರಿಂದ ಹರಿಗೋಲು ನೀರಿನಲ್ಲಿ ಹೆಚ್ಚು ಮುಳುಗುವುದಿಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಹಲಗೆಯ ದೋಣಿಯಂತೆ ಒಡೆಯದೆ ಬಾಗಿ ಜಾರಿಕೊಳ್ಳುತ್ತದೆ. ಹಿಂದು ಮುಂದು ಇಲ್ಲದಿರುವುದೇ ಅದರ ಕಷ್ಟ. ಹೊಸಬರು ಹುಟ್ಟು ಹಾಕಿದರೆ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಬಲ್ಲವರು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕುಳಿತು, ಎದುರಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಮ್ಮತ್ತ ಎಳೆದುಕೊಳ್ಳುತ್ತಾರೆ. ಸೆಳೆತ ಜೋರಿದ್ದರೆ ನೇರ ದಾಟುವುದಿಲ್ಲ. ದಂಡೆಯ ಗುಂಟ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಬಿಟ್ಟು, ಬೇಕಾದ ಕಡವಿಗೆ ಬಂದು ಸೇರುತ್ತಾರೆ. ಈ ಲೆಕ್ಕ ಬರುವುದು ಹೊಳೆಯ ಮೇಲೆ ಕಳೆದ ಮಳೆಗಾಲಗಳಿಂದ ಮಾತ್ರ.

1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇವನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. 15ರಿಂದ 20 ಜನ ಹಿಡಿಯುತ್ತವೆ. ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ. ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ. ರಾಜ್ಯದ ಹೊಳೆಗಳಲ್ಲೆಲ್ಲ ಇದೇ ಬಗೆಯ ದೋಣಿ ಎಂಬುದು ಅವನ ವರದಿ. ಮುಂದೆ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ಹೊಳೆಗಳನ್ನು ದಾಟಲು ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಮಾಡಿಸಿದ. ಬೇಕಾದ ದೋಣಿಗಳ ವಿವರ ಅವನ ಪತ್ರಗಳಲ್ಲಿ ಉಳಿದಿದೆ. ಹನ್ನೆರಡು ವರ್ಷದ ನಂತರ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಸೇನಾನಿಯೂ ನಮ್ಮ ಹೊಳೆಗಳ ಮುಂದೆ ಅಂಬಿಗರ ವಿದ್ಯೆಯನ್ನೇ ನೆಚ್ಚಬೇಕಾಯಿತು.

ಈ ವಿದ್ಯೆ ಉಳಿದದ್ದು ಊರಿನ ಏರ್ಪಾಡಿನಿಂದ. ದಂಡೆಯ ಹಳ್ಳಿಗಳಲ್ಲಿ ದಾಟಿದಾಗಲೆಲ್ಲ ಕಾಸು ಎಣಿಸುವ ರೂಢಿ ಎಲ್ಲೆಡೆ ಇರಲಿಲ್ಲ. ಅಂಬಿಗ ಸುಗ್ಗಿಯಲ್ಲಿ ಕಣಗಳಿಗೆ ಬಂದು ತನ್ನ ಪಾಲಿನ ಕಾಳು ಒಯ್ಯುತ್ತಿದ್ದ. ಪ್ರತಿಯಾಗಿ ಹರಿಗೋಲನ್ನು ಸುಸ್ಥಿತಿಯಲ್ಲಿಡುವುದು, ಅಪರಾತ್ರಿ ಕರೆದರೂ ಹುಟ್ಟು ಹಿಡಿಯುವುದು ಅವನ ಹೊಣೆ. ಇಂದಿನ ಹಾಯಿದೋಣಿ ಕ್ಲಬ್ಬುಗಳು ಚಂದಾ ಎತ್ತಿ ದೋಣಿ ಸಾಕುವುದೂ ಇದೇ ಲೆಕ್ಕಾಚಾರವೇ. ಅಂಬಿಗನ ಕಸುಬಿಗೆ ತನ್ನದೇ ಘನತೆಯೂ ಇತ್ತು. ಇತರ ವಚನಕಾರರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡ.

ಸೇತುವೆಗಳು ಬಂದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಇಡೀ ನಾಡಿನ ನಡತೆಯೇ ಆಯಿತು. ಹಂಪಿ, ಆನೆಗೊಂದಿ, ತಲಕಾಡು, ಕಾವೇರಿ ಗಡಿಯ ಹೊಗೇನಕಲ್‌ನಲ್ಲಿ ಹರಿಗೋಲು ಪ್ರವಾಸಿಗರ ಸವಾರಿಯಾಗಿ ಉಳಿಯಿತು. ಅಲ್ಲಿ ದುಡಿಮೆ ಇದೆ ನಿಜ. ಆದರೆ ನಾಲ್ಕು ಸುತ್ತು ತಿರುಗಿಸಿ ಪ್ರವಾಸಿಗರನ್ನು ನಗಿಸುವುದಕ್ಕೂ, ತುಂಬಿದ ಹೊಳೆಯಲ್ಲಿ ಬಸುರಿಯನ್ನು ಕ್ಷೇಮವಾಗಿ ಆಚೆ ದಡಕ್ಕೆ ಮುಟ್ಟಿಸುವುದಕ್ಕೂ ಬೇಕಾದ ವಿದ್ಯೆ ಒಂದೇ ಅಲ್ಲ.

ಬ್ರಿಟನ್ನಿನಲ್ಲೂ ಹೀಗೇ ಆಗಿತ್ತು. ವೇಲ್ಸ್‌ನ ಹೊಳೆಗಳಲ್ಲಿ ಸಾಲ್ಮನ್ ಹಿಡಿಯಲು ಬಳಸುತ್ತಿದ್ದ ಕೊರಕಲ್ ದೋಣಿ ನಮ್ಮ ಹರಿಗೋಲಿನ ಸಂಬಂಧಿ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಎರಡನ್ನೂ ಕಂಡವನು. 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ ಬರೆದ ಅವನು 1938ರಲ್ಲಿ ಬ್ರಿಟಿಷ್ ಕೊರಕಲ್‌ಗಳ ಮೇಲೆ ಪುಸ್ತಕ ತಂದ. ಕಾಯಿದೆಯ ನಿರ್ಬಂಧದಿಂದ ಅಲ್ಲಿ ಕೊರಕಲ್ ಮೀನುಗಾರಿಕೆ ಸೊರಗಿದಾಗ, ಆಸಕ್ತರು 1990ರಲ್ಲಿ ಕೊರಕಲ್ ಸೊಸೈಟಿ ಕಟ್ಟಿದರು. ಸದಸ್ಯರು ಹಳೆಯ ಮಾದರಿಗಳನ್ನು ದಾಖಲಿಸುತ್ತಾರೆ, ಹೆಣೆಯುವುದನ್ನು ಕಲಿಸುತ್ತಾರೆ, ಸ್ಪರ್ಧೆಗಳಲ್ಲಿ ಸೇರುತ್ತಾರೆ. ವೇಲ್ಸ್‌ನ ಕಿಲ್ಗೆರನ್ ಎಂಬ ಹಳ್ಳಿಯಲ್ಲಿ ಆಗಸ್ಟ್ ತಿಂಗಳ ಕೊರಕಲ್ ಪಂದ್ಯ ಊರ ಜಾತ್ರೆಯಷ್ಟೇ ಮುಖ್ಯ. ಮೀನು ಹಿಡಿದು ಬದುಕುವವರು ಕಡಿಮೆಯಾದರೂ ದೋಣಿ ಮಾಡಬಲ್ಲ ಕೈಗಳು ಉಳಿದದ್ದು ಹೀಗೆ.

ನಮ್ಮಲ್ಲಿ ಅಂಥ ಸಂಘವನ್ನು ಹೊಸದಾಗಿ ಹುಟ್ಟುಹಾಕಬೇಕಿಲ್ಲ. ಮೀನುಗಾರರ ಸಹಕಾರ ಸಂಘಗಳು ಆಗಲೇ ಇವೆ. ದೊಡ್ಡ ಕೆರೆ, ಜಲಾಶಯಗಳನ್ನು ಮೀನುಗಾರಿಕೆ ಇಲಾಖೆಯಿಂದ, ಸಣ್ಣ ಕೆರೆಗಳನ್ನು ಗ್ರಾಮ ಪಂಚಾಯಿತಿಯಿಂದ ಗುತ್ತಿಗೆ ಹಿಡಿದು, ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟು ಬೆಳೆಸುವವರು ಇವರೇ. ಬೆಳಗಿನ ಜಾವ ಕೆರೆಯ ನಡುವೆ ಬಲೆ ಎತ್ತುವವನ ಕಾಲಡಿ ಇರುವುದು ಹರಿಗೋಲೇ. ಮಳೆ ಕೈಕೊಟ್ಟ ವರ್ಷ ಕೆರೆ ಒಣಗಿದರೆ ಬಿಟ್ಟ ಮರಿಯೂ ಕಟ್ಟಿದ ಗುತ್ತಿಗೆಯೂ ದಂಡ. ಚಳ್ಳಕೆರೆ ಕಡೆಯಂಥ ಸೀಮೆಯಲ್ಲಿ ಅದು ಅಪರೂಪವೇನಲ್ಲ. ದೋಣಿಯ ಮೇಲೆ ಹೆಚ್ಚು ಬಂಡವಾಳ ಹಾಕುವುದು ಇಲ್ಲಿ ಕಟ್ಟುವುದಿಲ್ಲ. ಅಗ್ಗದ, ಹಗುರಾದ, ತಾನೇ ರಿಪೇರಿ ಮಾಡಿಕೊಳ್ಳಬಹುದಾದ ಹರಿಗೋಲು ಇಲ್ಲಿನವರಿಗೆ ಒಗ್ಗುವುದು ಅದಕ್ಕೇ.

ಈಚೆಗೆ ಇಲಾಖೆ ಫೈಬರ್‌ಗ್ಲಾಸ್ ಹರಿಗೋಲುಗಳನ್ನು ವಿತರಿಸುತ್ತಿದೆ. ಅವು ಕೊಳೆಯುವುದಿಲ್ಲ, ಬಾಳಿಕೆ ಹೆಚ್ಚು, ಬೇಡವೆನ್ನಲು ಕಾರಣವಿಲ್ಲ. ಆದರೆ ಒಡೆದರೆ ಊರಲ್ಲಿ ಸರಿಪಡಿಸುವವರು ಸಿಗುವುದು ಕಷ್ಟ, ಬಿದಿರು ಹೆಣೆಯುವವರ ಮಕ್ಕಳಿಗೆ ಕೆಲಸವೂ ಇಲ್ಲ. ಎರಡೂ ಜೊತೆಗೆ ನಡೆಯುವಂತೆ ನೋಡಿಕೊಳ್ಳುವುದು ಸಂಘಗಳಿಗೆ ಮೀರಿದ ಮಾತೇನಲ್ಲ. ಹಂಪಿ ಉತ್ಸವದಲ್ಲಿ ಹರಿಗೋಲು ಸ್ಪರ್ಧೆ ನಡೆದದ್ದುಂಟು. ಅಂಥದ್ದು ತಾಲ್ಲೂಕು ಮಟ್ಟದಲ್ಲಿ, ಲೈಫ್ ಜಾಕೆಟ್ ಕಡ್ಡಾಯ ಮಾಡಿ, ಕೆರೆ ತುಂಬಿದ ವರ್ಷವಾದರೂ ನಡೆಯಬಹುದು. ಅದರಿಂದ ಪ್ರವಾಹ ಬಂದಾಗ ಹೊರಗಿನಿಂದ ರಬ್ಬರ್ ದೋಣಿ ಬರುವವರೆಗೆ ಕಾಯದೆ ಇಳಿಯಬಲ್ಲ ನಾಲ್ಕು ಜನ ಊರಲ್ಲೇ ತಯಾರಾಗುತ್ತಾರೆ.

ಇದಕ್ಕೆ ಸರ್ಕಾರದ ಯೋಜನೆಗಾಗಿ ಕಾಯಬೇಕಿಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ಗುತ್ತಿಗೆ ಹಣ, ಮೀನುಮರಿಯ ಲೆಕ್ಕ ಮುಗಿದ ಮೇಲೆ ಇನ್ನೊಂದು ವಿಷಯ ಚರ್ಚೆಗೆ ಬಂದರೆ ಸಾಕು: ಈ ವರ್ಷ ಹರಿಗೋಲು ಹೆಣೆಯುವುದನ್ನು ಕಲಿಯುವ ಇಬ್ಬರು ಯಾರು, ಅವರಿಗೆ ಕಲಿಸುವ ಹಿರಿಯರಿಗೆ ಕೂಲಿ ಎಷ್ಟು?